ನಾಯಿಸೊಣಗು: ಕಡಿಯಬೇಕಾ, ಬೆಳೆಸಬೇಕಾ, ಅಪ್ಪನಿಗೆ ಪುಡಿ ಮಾಡಿ ಕೊಡಬಹುದಾ?

ಪ್ರಶ್ನೆ: ಪುತ್ತೂರು ತಾಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಮೇಲಿನ ಬದಿಯಲ್ಲಿ ಬೇರೆಯವರ ಹಳೆಯ ಗೇರು ಗುಡ್ಡ ಇದೆ, ನೋಡುವವರಿಲ್ಲದೆ ಕಾಡು ಬೆಳೆದಿದೆ. ಅಲ್ಲಿಂದ ನಾಯಿಸೊಣಗು ಬಳ್ಳಿ ಬಂದು ನಮ್ಮ ಬೇಲಿ ಪೂರ್ತಿ ಹಬ್ಬಿದೆ. ಈಗ ಕಾಯಿ ಒಣಗಿದೆ. ಮೊನ್ನೆ ವೀಡ್ ಕಟ್ಟರ್ ಹಿಡಿದು ಬೇಲಿ ಬದಿ ಬಿಡಿಸಲು ಹೋದ ಹುಡುಗ ಮೈಯೆಲ್ಲ ತುರಿಸಿಕೊಂಡು ಕೆಲಸ ಅರ್ಧಕ್ಕೆ ಬಿಟ್ಟು ಓಡಿದ. ಅಲರ್ಜಿ ಮಾತ್ರೆ ಕೊಟ್ಟರೂ ಕಡಿಮೆಯಾಗಲಿಲ್ಲ. ಈಗ ಆ ಕಡೆಗೆ ಯಾರೂ ಬರುತ್ತಿಲ್ಲ. ಇದು ಒಂದು. ಎರಡನೆಯದು, 68 ವರ್ಷದ ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ, ದಿನಕ್ಕೆ ಮೂರು ಹೊತ್ತು ಮಾತ್ರೆ ತೆಗೆದುಕೊಳ್ಳುತ್ತಾರೆ. ಇದೇ ನಾಯಿಸೊಣಗಿನ ಬೀಜದಲ್ಲಿ ಆ ಔಷಧ ಇದೆ, ಪುಡಿ ಮಾಡಿ ದಿನಾ ಒಂದು ಚಮಚ ಹಾಲಿನಲ್ಲಿ ಕೊಟ್ಟರೆ ನಿಧಾನವಾಗಿ ಮಾತ್ರೆ ಬಿಡಿಸಬಹುದು, ಗಿಡಮೂಲಿಕೆ ಆದ್ದರಿಂದ ಸೈಡ್ ಎಫೆಕ್ಟ್ ಇಲ್ಲ ಎಂದು ಭಾವ ಹೇಳುತ್ತಿದ್ದಾರೆ. ಮೂರನೆಯದು, ಪರಿಚಯದ ಕೃಷಿಕರೊಬ್ಬರು ಎರಡು ಕಿಲೋ ವೆಲ್ವೆಟ್ ಬೀನ್ ಬೀಜ ಕೊಟ್ಟು, ತೋಟಕ್ಕೆ ಹಾಕಿ, ಒಳ್ಳೆಯ ಸೊಪ್ಪು ಗೊಬ್ಬರ ಎಂದಿದ್ದಾರೆ. ಹುಡುಕಿ ನೋಡಿದರೆ ಅದೂ ಇದೂ ಒಂದೇ ಗಿಡ ಎಂದು ಬರುತ್ತದೆ! ಕೂಲಿ ಕೊಟ್ಟು ಕಡಿಸುವುದನ್ನು ನಾವೇ ಬಿತ್ತುವುದಾ? ಬೇಲಿಯಲ್ಲಿ ಹಾಗೇ ಬಿಟ್ಟರೆ ಮಂಗ ಬರುವುದಿಲ್ಲ ಎಂದೂ ಕೆಲವರು ಹೇಳುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ: ಒಂದು ಬಳ್ಳಿಯ ಬಗ್ಗೆ ನಿಮಗೆ ಮೂರು ಜನ ಮೂರು ಥರ ಹೇಳಿದ್ದಾರೆ. ಒಬ್ಬರಿಗೆ ಅದು ಪೀಡೆ, ಇನ್ನೊಬ್ಬರಿಗೆ ಔಷಧ, ಮತ್ತೊಬ್ಬರಿಗೆ ಗೊಬ್ಬರ. ಮೂರೂ ಸುಳ್ಳಲ್ಲ. ಆದರೆ ಇದರಲ್ಲಿ ಎಲ್ಲರೂ ಹೆದರುವುದು ಕಾಯಿಯ ಮೇಲಿನ ರೋಮಕ್ಕೆ, ಅದು ಹೆಚ್ಚೆಂದರೆ ಕೆಲವು ಗಂಟೆಯ ಕಾಟ. ಹೆದರಬೇಕಾದ್ದು ಒಳಗಿನ ಬೀಜಕ್ಕೆ, ಅದನ್ನು ಮಾತ್ರ ಚಮಚದಲ್ಲಿ ಕೊಡಲು ಹೊರಟಿದ್ದೀರಿ.

ಹಾಗಾಗಿ ಉಳಿದದ್ದನ್ನು ಓದುವ ಮೊದಲೇ ಇಷ್ಟು ಹೇಳಿಬಿಡುತ್ತೇನೆ. ಅಪ್ಪನ ಮಾತ್ರೆ ನಿಲ್ಲಿಸಬೇಡಿ, ಮಾತ್ರೆಯ ಜೊತೆಗೂ ಪುಡಿ ಕೊಡಬೇಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ. ನಾನು ವೈದ್ಯನಲ್ಲ, ಸಸ್ಯಶಾಸ್ತ್ರ ಓದಿ ಸೊಪ್ಪು ಗೊಬ್ಬರದ ಬೆಳೆಗಳ ಮೇಲೆ ಕೆಲಸ ಮಾಡಿದವನು. ಆದರೆ ಈ ಬೀಜದಲ್ಲಿ ಏನಿದೆ, ಎಷ್ಟಿದೆ ಅನ್ನುವುದು ಗಿಡದ ವಿಷಯವೇ ಆದ್ದರಿಂದ ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಬಳ್ಳಿಯ ಪರಿಚಯ. ನಿಮ್ಮ ಕಡೆ ನಾಯಿಸೊಣಗು ಅನ್ನುವುದನ್ನೇ ಉಳಿದ ಕಡೆ ನಸುಗುನ್ನಿ ಅನ್ನುತ್ತಾರೆ. ಆಯುರ್ವೇದದಲ್ಲಿ ಕಪಿಕಚ್ಛು, ಆತ್ಮಗುಪ್ತ. ಸಸ್ಯಶಾಸ್ತ್ರದ ಹೆಸರು ಮ್ಯುಕುನಾ ಪ್ರುರಿಯೆನ್ಸ್. ಅವರೆ, ಅಲಸಂದೆ, ಹುರುಳಿಯ ಕುಟುಂಬದ್ದೇ. ಎಲೆ ನೋಡಿದರೆ ಆ ನೆಂಟಸ್ತಿಕೆ ಗೊತ್ತಾಗುತ್ತದೆ: ಒಂದು ತೊಟ್ಟಿಗೆ ಮೂರು ಎಲೆ, ನಡುವಿನದು ನೆಟ್ಟಗೆ, ಪಕ್ಕದ ಎರಡು ಸೊಟ್ಟ, ಹೊರಬದಿ ಅಗಲ, ಒಳಬದಿ ಕಿರಿದು. ಮಳೆ ಬಿದ್ದ ಮೇಲೆ ಮೊಳೆಯುತ್ತದೆ, ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ, ಮಳೆ ಕಡಿಮೆಯಾಗುವ ಹೊತ್ತಿಗೆ ಹೂ ಬಿಡುತ್ತದೆ, ಬೇಸಿಗೆಗೆ ಮೊದಲೇ ಕಾಯಿ ಒಣಗಿಸಿ ಸಾಯುತ್ತದೆ. ಒಂದೇ ವರ್ಷದ ಬದುಕು. ಈ ವಿಷಯ ನೆನಪಿಟ್ಟುಕೊಳ್ಳಿ, ಇದನ್ನು ಓಡಿಸುವ ದಾರಿ ಇದರಲ್ಲೇ ಇದೆ.

ಹೂವನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ. ಕಡು ನೇರಳೆ ಬಣ್ಣ, ಕೆಲವೊಮ್ಮೆ ಕಪ್ಪೇ ಅನ್ನಿಸುವಷ್ಟು. ಗೊಂಚಲು ಗೊಂಚಲಾಗಿ ಕೆಳಗೆ ಜೋತು ಬೀಳುತ್ತದೆ. ಇಷ್ಟು ಚೆಂದದ ಹೂ ಬೇರೆ ಯಾವುದಾದರೂ ಬಳ್ಳಿಯಲ್ಲಿ ಇದ್ದಿದ್ದರೆ ನರ್ಸರಿಯವರು ಕುಂಡದಲ್ಲಿ ಹಾಕಿ ಮಾರುತ್ತಿದ್ದರು ಅಂತ ನನಗೆ ಅನ್ನಿಸುವುದುಂಟು. ಹೂವಿನ ನಂತರ ಬರುವ ಕಾಯಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿರುತ್ತದೆ, ಉದ್ದಕ್ಕೆ ಗೆರೆ ಇರುತ್ತದೆ. ಅದರ ಮೇಲೆ ಕೇಸರಿ ಮಿಶ್ರ ಕಂದು ಬಣ್ಣದ ಒತ್ತು ರೋಮ. ಒಳಗೆ ನಾಲ್ಕರಿಂದ ಆರು ಹೊಳೆಯುವ ಬೀಜ.

ಈಗ ತುರಿಕೆಗೆ ಬರೋಣ. ಬಳ್ಳಿ ಮುಟ್ಟಿದರೇ ತುರಿಕೆ ಎಂದು ಹೇಳುವವರಿದ್ದಾರೆ. ಹಾಗಿಲ್ಲ. ಎಳೆಯ ಬಳ್ಳಿ, ಎಲೆ ಮುಟ್ಟಿದರೆ ಏನೂ ಆಗುವುದಿಲ್ಲ. ಕಾಟ ಕೊಡುವ ರೋಮ ಇರುವುದು ಕಾಯಿಯ ಮೇಲೆ, ಸ್ವಲ್ಪ ಮಟ್ಟಿಗೆ ಹೂವಿನ ಬುಡದ ಬಟ್ಟಲಿನ ಮೇಲೆ. ಕಾಯಿ ಹಸಿ ಇರುವಾಗ ರೋಮ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಒಣಗಿದ ಮೇಲೆ ಗಾಳಿ ಬೀಸಿದರೂ ಸಾಕು, ಉದುರುತ್ತದೆ. ಹಾಗಾಗಿ ಬಳ್ಳಿಯ ಅಡಿಯಲ್ಲಿ ಹಾದು ಹೋದರೂ ತುರಿಸುತ್ತದೆ ಅನ್ನುವ ಮಾತು ಜನವರಿ, ಫೆಬ್ರವರಿಯಲ್ಲಿ ನಿಜ, ಜುಲೈಯಲ್ಲಿ ಸುಳ್ಳು.

ರೋಮ ಚುಚ್ಚುತ್ತದೆ ನಿಜ, ಆದರೆ ಚುಚ್ಚಿದ್ದರಿಂದಲೇ ಅಷ್ಟು ತುರಿಕೆ ಬರುವುದಿಲ್ಲ. ರೋಮದಲ್ಲಿ ಮ್ಯುಕುನೇನ್ ಎಂಬ ಕಿಣ್ವ ಇದೆ, ಪ್ರೋಟೀನ್ ಕತ್ತರಿಸುವ ಜಾತಿಯದು. ಚರ್ಮದ ಮೇಲ್ಪದರಕ್ಕೆ ಅದು ಇಳಿದ ತಕ್ಷಣ ಅಲ್ಲಿನ ನರದ ತುದಿಯನ್ನು ನೇರವಾಗಿ ಕೆಣಕುತ್ತದೆ. 1955ರಲ್ಲಿ ಶೆಲ್ಲಿ ಮತ್ತು ಆರ್ಥರ್ ಎಂಬ ಇಬ್ಬರು ಸಂಶೋಧಕರು ಇದನ್ನು ಗುರುತಿಸಿದರು. ರೋಮವನ್ನು ಚೆನ್ನಾಗಿ ಕಾಯಿಸಿದರೆ ಕಿಣ್ವ ಕೆಡುತ್ತದೆ, ಆಮೇಲೆ ಚುಚ್ಚಿದರೂ ತುರಿಕೆ ಬರುವುದಿಲ್ಲ. 2008ರಲ್ಲಿ ಈ ಕಿಣ್ವ ಚರ್ಮದ ಯಾವ ಗ್ರಾಹಕಗಳ (ಸಂಕೇತ ಹಿಡಿಯುವ ಅಣುಗಳ) ಮೇಲೆ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತಾಯಿತು. ತುರಿಕೆಯ ಬಗ್ಗೆ ಸಂಶೋಧನೆ ಮಾಡುವವರು ಇವತ್ತಿಗೂ ಇದೇ ರೋಮ ಬಳಸುತ್ತಾರೆ, ಒಮ್ಮೆಗೆ ಕೆಲವೇ ಕೆಲವು. ನಿಮ್ಮ ಹುಡುಗನ ಮೈಮೇಲೆ ಬಿದ್ದದ್ದು ಸಾವಿರಗಟ್ಟಲೆ ಇರಬೇಕು, ಪಾಪ.

ಅಲರ್ಜಿ ಮಾತ್ರೆ ಕೆಲಸ ಮಾಡದಿದ್ದದ್ದು ಇದಕ್ಕೇ. ಆ ಮಾತ್ರೆಗಳು ತಡೆಯುವುದು ಹಿಸ್ಟಮಿನ್ ಎಂಬ ವಸ್ತುವನ್ನು. ಸೊಳ್ಳೆ ಕಚ್ಚಿದಾಗ, ಮೈಮೇಲೆ ಗಂಧೆ ಎದ್ದಾಗ ತುರಿಕೆ ಬರುವುದು ಹಿಸ್ಟಮಿನ್ ದಾರಿಯಿಂದ. ನಾಯಿಸೊಣಗಿನ ತುರಿಕೆ ಬರುವ ದಾರಿ ಬೇರೆ. ಮಾತ್ರೆಯಿಂದ ನಿದ್ದೆ ಬಂದರೆ ಅಷ್ಟೇ ಲಾಭ.

ಹಾಗಾದರೆ ಏನು ಮಾಡಬೇಕು? ಉಜ್ಜಬಾರದು, ಇದು ಮೊದಲನೆಯದು ಮತ್ತು ಕಷ್ಟದ್ದು. ಉಜ್ಜಿದಷ್ಟೂ ರೋಮ ಮುರಿದು ಒಳಗೆ ಹೋಗುತ್ತದೆ, ಬೆರಳಿಗೆ ಅಂಟಿ ಕುತ್ತಿಗೆಗೆ, ಕಣ್ಣಿಗೆ ಹೋಗುತ್ತದೆ. ಅಗಲದ ಗಮ್ ಟೇಪ್ ಅಂಟಿಸಿ ಕೀಳಿ, ಪ್ರತಿ ಸಲ ಹೊಸ ತುಂಡು. ಆಮೇಲೆ ಮೇಲಿನಿಂದ ನೀರು ಸುರಿಯಿರಿ, ಕೈಯಿಂದ ತಿಕ್ಕಬೇಡಿ. ಸೋಪು ಕೊನೆಗೆ. ಕ್ಯಾಲಮೈನ್ ಲೋಷನ್ ಹಚ್ಚಿದರೆ ಸ್ವಲ್ಪ ತಂಪು. ಹಾಕಿದ್ದ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಹಾಕಬೇಡಿ, ಕುದಿಯುವ ನೀರಿನಲ್ಲಿ ನೆನೆಸಿ. ಮೇಲೆ ಹೇಳಿದ ಹಾಗೆ ಬಿಸಿಗೆ ಕಿಣ್ವ ಕೆಡುತ್ತದೆ. ಹಳ್ಳಿಗಳಲ್ಲಿ ಸಗಣಿ ಬಳಿಯುತ್ತಾರೆ. ಅದು ಪೂರ್ತಿ ಮೂಢನಂಬಿಕೆಯೇನೂ ಅಲ್ಲ, ಒಣಗಿ ಉದುರುವಾಗ ರೋಮವನ್ನೂ ಎಳೆದುಕೊಂಡು ಬರುತ್ತದೆ. ಆದರೆ ತುರಿಸಿ ಗಾಯವಾದ ಚರ್ಮಕ್ಕೆ ಸಗಣಿ ಅಂದರೆ ಧನುರ್ವಾಯುವಿಗೆ ಬಾಗಿಲು ತೆರೆದ ಹಾಗೆ. ಅದೇ ಕೆಲಸವನ್ನು ಟೇಪ್ ಮಾಡುತ್ತದಲ್ವಾ, ಅದನ್ನೇ ಬಳಸಿ. ಕಣ್ಣಿಗೆ ಬಿದ್ದರೆ ಮಾತ್ರ ಮನೆಮದ್ದು ಬೇಡವೇ ಬೇಡ. ತುಂಬಾ ಹೊತ್ತು ಬರೀ ನೀರಿನಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಉಸಿರಾಟಕ್ಕೆ ತೊಂದರೆ ಆದರೂ ಅಷ್ಟೇ, ನೇರ ಆಸ್ಪತ್ರೆಗೆ.

ಬೇಲಿ ಬಿಡಿಸುವ ವಿಷಯ. ಒಣ ಕಾಯಿ ಇರುವಾಗ ವೀಡ್ ಕಟ್ಟರ್ ಹಾಕುವುದು ಇರುವ ದಾರಿಗಳಲ್ಲೆಲ್ಲ ಕೆಟ್ಟದ್ದು. ಕಾಯಿ ಪುಡಿಯಾಗಿ ರೋಮವೆಲ್ಲ ಗಾಳಿಗೆ ಎದ್ದು, ಯಂತ್ರ ಹಿಡಿದವನ ಮುಖಕ್ಕೇ ಬರುತ್ತದೆ. ಬೆಂಕಿ ಹಾಕುವುದೂ ಬೇಡ. ಬಿಸಿ ಗಾಳಿಯ ಜೊತೆ ರೋಮ ಮೇಲೆದ್ದು ನಿಮ್ಮ ಅಂಗಳಕ್ಕೆ ಬರಬಹುದು, ಪಕ್ಕದಲ್ಲಿ ಒಣಗಿದ ಗೇರು ಗುಡ್ಡ ಬೇರೆ ಇದೆ.

ಈಗಲೇ ತೆಗೆಯಲೇಬೇಕು ಎಂದಿದ್ದರೆ ಬೆಳಿಗ್ಗೆ ಮಂಜು ಆರುವ ಮೊದಲು ಹೋಗಿ. ಮಂಜು ಸಾಲದಿದ್ದರೆ ಪೈಪಿನಿಂದ ನೀರು ಹಾಯಿಸಿ ಕಾಯಿ ಚೆನ್ನಾಗಿ ತೋಯಿಸಿ. ಒದ್ದೆ ರೋಮ ಹಾರುವುದಿಲ್ಲ. ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಬಟ್ಟೆ, ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಗಾಳಿ ಬೆನ್ನಿಗೆ ಬರುವಂತೆ ನಿಂತು, ದೋಟಿಗೆ ಕತ್ತಿ ಕಟ್ಟಿ ಗೊಂಚಲನ್ನು ಮಾತ್ರ ಕೊಯ್ದು ಒದ್ದೆ ಗೋಣಿಗೆ ಹಾಕಿ, ಗುಂಡಿ ತೋಡಿ ಹೂತುಬಿಡಿ. ಬಳ್ಳಿ ಎಳೆಯುವ ಗೋಜಿಗೆ ಹೋಗಬೇಡಿ, ಅದು ಹೇಗೂ ಸಾಯುತ್ತದೆ. ಕೆಲಸಕ್ಕೆ ಬರುವವರಿಗೆ ಇದನ್ನೆಲ್ಲ ಮೊದಲೇ ಹೇಳಿ, ಹೇಳದೆ ಕಳಿಸಿದರೆ ಅವರು ನಾಳೆಯಿಂದ ಬರದಿರುವುದು ನ್ಯಾಯವೇ.

ಅರ್ಜೆಂಟ್ ಇಲ್ಲದಿದ್ದರೆ ನನ್ನ ಸಲಹೆ ಬೇರೆ. ಆ ಬದಿಗೆ ಒಂದು ಹಗ್ಗ ಕಟ್ಟಿ, ಯಾರೂ ಹೋಗಬೇಡಿ ಎಂದು ಹೇಳಿ ಮಳೆಗಾಲಕ್ಕೆ ಬಿಡಿ. ಜೂನ್‌ನಲ್ಲಿ ಮೊಳಕೆ ಬಂದಾಗ ಬರಿಗೈಯಲ್ಲಿ ಕೀಳಬಹುದು, ಏನೂ ತುರಿಸುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಎರಡು ಮೂರು ಸಲ ಹೋಗಿ ತಪ್ಪಿಸಿಕೊಂಡದ್ದನ್ನು ಕಿತ್ತರೆ ಆಯಿತು. ಹೂ ಬಿಡುವ ಮೊದಲು ಕಿತ್ತರೆ ಕಾಯಿ ಇಲ್ಲ, ಕಾಯಿ ಇಲ್ಲದಿದ್ದರೆ ರೋಮವೂ ಇಲ್ಲ. ಬೀಜದ ಸಿಪ್ಪೆ ಗಟ್ಟಿ, ಎಲ್ಲ ಬೀಜವೂ ಒಂದೇ ವರ್ಷ ಮೊಳೆಯುವುದಿಲ್ಲ, ಆದ್ದರಿಂದ ಕೆಲವು ಮಳೆಗಾಲ ಇದನ್ನು ಬಿಡದೆ ಮಾಡಬೇಕಾಗುತ್ತದೆ. ಕಳೆನಾಶಕದ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಮೂಲ ಇರುವುದು ಗೇರು ಗುಡ್ಡದಲ್ಲಿ. ಅದರ ಯಜಮಾನರ ಜೊತೆ ಮಾತಾಡಿ, ನಿಮ್ಮ ಬೇಲಿಗೆ ತಾಗಿದ ಒಂದು ಪಟ್ಟಿಯನ್ನಾದರೂ ಮಳೆಗಾಲದಲ್ಲಿ ಬಿಡಿಸಲು ಒಪ್ಪಿಸದಿದ್ದರೆ ಪ್ರತಿ ವರ್ಷ ಇದೇ ಕತೆ.

ಇನ್ನು ಅಪ್ಪನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಭಾವ ಹೇಳಿದ್ದರಲ್ಲಿ ಮೊದಲ ಅರ್ಧ ನಿಜ. ಬೀಜದಲ್ಲಿ ಎಲ್-ಡೋಪಾ ಇದೆ, ಅಪ್ಪನ ಮಾತ್ರೆಯಲ್ಲಿ ಲೆವೊಡೋಪಾ ಎಂದು ಬರೆದಿರುತ್ತದಲ್ಲ, ಅದೇ ವಸ್ತು. ಈ ಬೀಜದಿಂದ ಅದನ್ನು ಬೇರ್ಪಡಿಸಿದ್ದು 1937ರಲ್ಲಿ, ನಮ್ಮ ಪಕ್ಕದ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು. ಪಾರ್ಕಿನ್ಸನ್‌ಗೆ ಅದನ್ನು ಔಷಧವಾಗಿ ಕೊಡಲು ಶುರುವಾದದ್ದು 1960ರ ದಶಕದಲ್ಲಿ. ಗಿಡಕ್ಕೆ ಇದು ಯಾಕೆ ಬೇಕು ಅಂದರೆ, ಹುಳಗಳಿಂದ ಕಾಪಾಡಿಕೊಳ್ಳಲು. ಅವರೆ, ಅಲಸಂದೆ ಡಬ್ಬದಲ್ಲಿಟ್ಟರೆ ಎಷ್ಟು ಬೇಗ ಹುಳ ಬೀಳುತ್ತದೆ ಎಂದು ನಿಮಗೆ ಗೊತ್ತು. ನಸುಗುನ್ನಿ ಬೀಜವನ್ನು ಹೆಚ್ಚಿನ ಕೀಟಗಳು ದೂರವೇ ಇಡುತ್ತವೆ.

ಪ್ರಯೋಗಗಳೂ ಆಗಿವೆ, ಅದನ್ನು ಮುಚ್ಚಿಡುವುದಿಲ್ಲ. ಎಚ್‌ಪಿ-200 ಎಂಬ ಹೆಸರಿನಲ್ಲಿ ಬೀಜದಿಂದ ತಯಾರಿಸಿದ ಪುಡಿಯನ್ನು 60 ರೋಗಿಗಳಿಗೆ 12 ವಾರ ಕೊಟ್ಟು ನೋಡಿದ ಭಾರತದ ಅಧ್ಯಯನ 1995ರಲ್ಲಿ ಪ್ರಕಟವಾಯಿತು, ಪರಿಣಾಮ ಚೆನ್ನಾಗಿತ್ತು. 2004ರಲ್ಲಿ ಲಂಡನ್‌ನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಚಿಕ್ಕ ಪ್ರಯೋಗದಲ್ಲಿ 30 ಗ್ರಾಂ ಪುಡಿಯ ಪರಿಣಾಮ ಮಾತ್ರೆಗಿಂತ ಬೇಗ ಶುರುವಾಗಿ ಜಾಸ್ತಿ ಹೊತ್ತು ಉಳಿಯಿತು. ವಾಟ್ಸಾಪಿನಲ್ಲಿ ಓಡಾಡುವುದು ಇಷ್ಟೇ. ಓಡಾಡದ ಇನ್ನೊಂದಿದೆ. ದುಡ್ಡಿಲ್ಲದ ರೋಗಿಗಳಿಗೆ ಮಾತ್ರೆಯ ಬದಲು ಇದನ್ನು ಕೊಡಬಹುದಾ ಎಂದು ನೋಡಲು ಬೊಲಿವಿಯಾದಲ್ಲಿ 14 ಜನರಿಗೆ ದಿನನಿತ್ಯ ಬೀಜದ ಪುಡಿ ಕೊಟ್ಟು ನೋಡಿದರು. 2018ರಲ್ಲಿ ಬಂದ ಅದರ ವರದಿಯ ಪ್ರಕಾರ ಅರ್ಧದಷ್ಟು ಜನ, ಹೊಟ್ಟೆ ಕೆಟ್ಟು ಅಥವಾ ನಡಿಗೆ, ಚಲನೆ ಇನ್ನೂ ಹಾಳಾಗಿ ಪುಡಿಯನ್ನು ಮಧ್ಯದಲ್ಲೇ ಬಿಟ್ಟರು. ಒಂದು ಡೋಸಿನ ಫಲ ಬೇರೆ, ದಿನಾ ತಿನ್ನುವುದು ಬೇರೆ.

ಈಗ ಭಾವನ ಚಮಚವನ್ನು ಲೆಕ್ಕ ಹಾಕೋಣ. ಒಣ ಬೀಜದಲ್ಲಿ ಎಲ್-ಡೋಪಾ ಸಾಮಾನ್ಯವಾಗಿ ನೂರಕ್ಕೆ 3ರಿಂದ 7 ಭಾಗ ಇರುತ್ತದೆ. ತಳಿ, ಮಣ್ಣು, ಬೀಜ ಎಷ್ಟು ಬಲಿತಿದೆ ಅನ್ನುವುದರ ಮೇಲೆ ಬದಲಾಗುತ್ತದೆ. ಒಂದು ಟೀ ಚಮಚದಲ್ಲಿ 4 ಗ್ರಾಂ ಪುಡಿ ಎಂದಿಟ್ಟುಕೊಂಡರೆ 120ರಿಂದ 280 ಮಿಲಿಗ್ರಾಂ. ಎಷ್ಟೋ ಜನ ತೆಗೆದುಕೊಳ್ಳುವ ಮಾತ್ರೆಯಲ್ಲಿ ಇರುವುದು 100 ಮಿಲಿಗ್ರಾಂ ಲೆವೊಡೋಪಾ. ಅಂದರೆ ನಿಮ್ಮ ಚಮಚ ಒಂದು ದಿನ ಒಂದು ಮಾತ್ರೆ, ಮುಂದಿನ ಗೋಣಿಯ ಬೀಜ ಬಂದಾಗ ಸುಮಾರು ಮೂರು ಮಾತ್ರೆ.

ಅಷ್ಟೇ ಆಗಿದ್ದರೂ ಹೇಗೋ ನೋಡಬಹುದಿತ್ತು. ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ, ಲೆವೊಡೋಪಾ ಜೊತೆ ಸಾಮಾನ್ಯವಾಗಿ ಕಾರ್ಬಿಡೋಪಾ ಎಂದೂ ಇರುತ್ತದೆ. ಬಾಯಿಗೆ ಹಾಕಿದ ಲೆವೊಡೋಪಾದ ಬಹುಪಾಲು ಮಿದುಳು ತಲುಪುವ ಮೊದಲೇ ಕರುಳಿನಲ್ಲಿ, ರಕ್ತದಲ್ಲಿ ಡೋಪಮಿನ್ ಆಗಿ ಬದಲಾಗಿಬಿಡುತ್ತದೆ. ಮಿದುಳಿಗೆ ಬೇಕಾದದ್ದು ಡೋಪಮಿನ್ನೇ, ಆದರೆ ಹೊರಗೆ ತಯಾರಾದದ್ದು ಮಿದುಳಿನೊಳಗೆ ಹೋಗಲಾರದು. ಹಾಗೆ ದಾರಿಯಲ್ಲಿ ಪೋಲಾಗದಂತೆ ತಡೆಯುವುದೇ ಕಾರ್ಬಿಡೋಪಾದ ಕೆಲಸ. ಬೀಜದಲ್ಲಿ ಕಾರ್ಬಿಡೋಪಾ ಇಲ್ಲ. ಇದರಿಂದ ಎರಡು ಥರದ ತೊಂದರೆ. ಮಾತ್ರೆ ನಿಲ್ಲಿಸಿ ಬರೀ ಪುಡಿ ಕೊಟ್ಟರೆ ಒಂದು ಚಮಚ ಯಾವುದಕ್ಕೂ ಸಾಲುವುದಿಲ್ಲ, ಲಂಡನ್‌ನವರು 30 ಗ್ರಾಂ ಕೊಟ್ಟದ್ದು ಸುಮ್ನೆ ಅಲ್ಲ. ಅಷ್ಟು ಕೊಟ್ಟರೆ ವಾಕರಿಕೆ, ವಾಂತಿ. ಮಾತ್ರೆಯ ಜೊತೆಗೇ ಪುಡಿ ಕೊಟ್ಟರೆ ಉಲ್ಟಾ: ಒಳಗೆ ಕಾರ್ಬಿಡೋಪಾ ಕಾವಲಿಗೆ ಇರುವುದರಿಂದ ಬೀಜದ ಡೋಪಾವೂ ಪೋಲಾಗದೆ ಮಿದುಳಿಗೆ ಹೋಗಿ ಅಪ್ಪನಿಗೆ ಡೋಸ್ ಎರಡರಷ್ಟು ಮೂರರಷ್ಟು ಆಗಬಹುದು. ಆಗ ಕೈಕಾಲು ತನ್ನಷ್ಟಕ್ಕೆ ಕುಣಿಯುವಂತೆ ಆಡುವುದು, ಎದ್ದು ನಿಂತ ಕೂಡಲೇ ಬಿಪಿ ಇಳಿದು ಬೀಳುವುದು, ಇಲ್ಲದ್ದು ಕಾಣುವುದು, ರಾತ್ರಿ ಗೊಂದಲ. 68ರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಅದು ಪಾರ್ಕಿನ್ಸನ್‌ಗಿಂತ ದೊಡ್ಡ ಕಷ್ಟ.

ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ಮೈ ಮರದಂತೆ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪಿ ಐಸಿಯು ಸೇರುವ ಪರಿಸ್ಥಿತಿ ಬರಬಹುದು. ಅಪರೂಪ, ಆದರೆ ಜೀವಕ್ಕೆ ಕುತ್ತು.

ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತಿಗೆ ಒಂದು ಘಟನೆ ಹೇಳುತ್ತೇನೆ. 1989ರಲ್ಲಿ ಮೊಜಾಂಬಿಕ್‌ನ ನಾಂಪುಲಾ ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಜನರಿಗೆ ಇದ್ದಕ್ಕಿದ್ದಂತೆ ತಲೆನೋವು, ಎದೆಬಡಿತ, ಆಮೇಲೆ ಭ್ರಮೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂಬ ಹೆದರಿಕೆ ಶುರುವಾಯಿತು. ಬರ, ಯುದ್ಧ, ಊಟಕ್ಕಿಲ್ಲ. ಅವರು ತಿಂದದ್ದು ಇದೇ ಬೀಜ. ಅಲ್ಲಿ ಅದು ಹೊಸ ಆಹಾರವೇನೂ ಆಗಿರಲಿಲ್ಲ, ಮತ್ತೆ ಮತ್ತೆ ಬೇಯಿಸಿ ನೀರು ಚೆಲ್ಲಿ ತಿನ್ನುವ ರೂಢಿ ಇತ್ತು. ಆ ವರ್ಷ ಚೆಲ್ಲುವಷ್ಟು ನೀರಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಕೆಲವು ಬುಡಕಟ್ಟಿನವರೂ ಈ ಬೀಜ ತಿನ್ನುತ್ತಾರೆ, ಅವರೂ ಹಲವು ಸಲ ನೀರು ಬದಲಿಸಿ ಬೇಯಿಸುತ್ತಾರೆ. ಆಯುರ್ವೇದದಲ್ಲೂ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು ಶೋಧನೆ ಮಾಡಿ ಔಷಧಕ್ಕೆ ಬಳಸುವ ಕ್ರಮ ಇದೆ. ಬೇಲಿಯಿಂದ ಕಿತ್ತು ಮಿಕ್ಸಿಗೆ ಹಾಕುವುದು ಇವರ್ಯಾರ ಪದ್ಧತಿಯೂ ಅಲ್ಲ. ಅಂಗಡಿಯ ಪುಡಿಯ ಪ್ಯಾಕೆಟ್ ತರುತ್ತೇನೆ ಅನ್ನಬೇಡಿ. ಅಮೆರಿಕದಲ್ಲಿ ಮಾರುವ ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಡೋಪಾ ಪ್ರಮಾಣದಲ್ಲಿ ಅಜಗಜಾಂತರ ಇತ್ತು.

ಭಾವನಿಗೆ ಬೇಸರ ಮಾಡದೆ ಮುಂದುವರಿಯುವ ದಾರಿ ಇದೆ. ಅಪ್ಪನ ನ್ಯೂರಾಲಜಿಸ್ಟ್ ಬಳಿ ನೇರವಾಗಿ ಕೇಳಿ. ನಾಚಿಕೊಳ್ಳಬೇಡಿ, ಅವರಿಗೆ ಈ ಪ್ರಶ್ನೆ ಹೊಸದಲ್ಲ. ಆಯುರ್ವೇದ ವೈದ್ಯರನ್ನು ಕಾಣುವುದಾದರೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ, ಇಬ್ಬರು ವೈದ್ಯರಿಗೂ ಪರಸ್ಪರ ಗೊತ್ತಿರಲಿ. ಅಪ್ಪ ಬಿಪಿ, ಖಿನ್ನತೆ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಎಚ್ಚರ ಬೇಕು, ಅವುಗಳಲ್ಲಿ ಕೆಲವು ಡೋಪಾ ಜೊತೆ ಸರಿಹೋಗುವುದಿಲ್ಲ. ಮಾತ್ರೆಯ ಪರಿಣಾಮ ಬೇಗ ಇಳಿಯುತ್ತದೆ ಅನ್ನುವುದೇ ನಿಮ್ಮ ನಿಜವಾದ ಚಿಂತೆಯಾಗಿದ್ದರೆ, ಯಾವ ಹೊತ್ತಿಗೆ ಮಾತ್ರೆ, ಎಷ್ಟು ಹೊತ್ತಿಗೆ ಊಟ, ಯಾವಾಗ ನಡುಕ ಜಾಸ್ತಿ ಎಂದು ಒಂದು ವಾರ ಬರೆದಿಟ್ಟು ಒಯ್ಯಿರಿ. ಬೇಳೆ, ಮೀನು, ಮೊಟ್ಟೆ ತುಂಬಾ ಇರುವ ಊಟದ ಜೊತೆ ಮಾತ್ರೆ ನುಂಗಿದರೆ ಅದು ಸರಿಯಾಗಿ ಹಿಡಿಯದಿರುವುದುಂಟು. ಎಷ್ಟೋ ಸಲ ಹೊತ್ತು ಬದಲಿಸಿದರೇ ಉಪಯೋಗವಾಗುತ್ತದೆ.

ಈಗ ಆ ಎರಡು ಕಿಲೋ ಬೀಜ. ನೀವು ಹುಡುಕಿ ಕಂಡುಕೊಂಡದ್ದು ಸರಿ, ವೆಲ್ವೆಟ್ ಬೀನ್ ಬೇರೆ ಜಾತಿ ಅಲ್ಲ, ಇದೇ ಮ್ಯುಕುನಾ ಪ್ರುರಿಯೆನ್ಸ್‌ನ ಸಾಕಿದ ತಳಿ. ಯುಟಿಲಿಸ್ ಎಂದು ಕರೆಯುತ್ತಾರೆ. ಕಾಯಿಯ ಮೇಲೆ ಚುಚ್ಚುವ ಬಿರುಸು ರೋಮದ ಬದಲು ಮೆತ್ತಗೆ ಅಂಟಿಕೊಂಡ ಮಖಮಲ್ಲಿನ ಥರದ ರೋಮ ಇರುತ್ತದೆ. ತುರಿಕೆ ಇಲ್ಲ. ಆದರೆ ಬೀಜದೊಳಗಿನ ಡೋಪಾ ಹಾಗೇ ಇದೆ. ಸಾಕಿದ ತಳಿ ಎಂದು ಅಡುಗೆಗೆ ಹಾಕಲು ಹೋಗಬೇಡಿ.

ಗೊಬ್ಬರದ ಬೆಳೆಯಾಗಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳದ ಜೊತೆ ಇದನ್ನು ಲಕ್ಷಗಟ್ಟಲೆ ಎಕರೆಯಲ್ಲಿ ಬೆಳೆಯುತ್ತಿದ್ದರು, ಆಮೇಲೆ ಸೋಯಾ ಬಂದು ಜಾಗ ಹಿಡಿಯಿತು. ಹೊಂಡುರಾಸ್‌ನ ಗುಡ್ಡಗಾಡಿನ ರೈತರು ಮೆಕ್ಕೆಜೋಳಕ್ಕೆ ಮೊದಲು ಇದನ್ನು ಬೆಳೆಸಿ ಕಡಿದು ಹಾಸುತ್ತಿದ್ದರು. ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಗೊಬ್ಬರಕ್ಕೆ ಅಂತ ಕೊಟ್ಟರೆ, ಹೊಲಕ್ಕೆ ಹೊಕ್ಕಿದ್ದ ದರ್ಭೆ ಜಾತಿಯ ಹುಲ್ಲನ್ನು ಇದು ಅಡಗಿಸುತ್ತದೆ ಎಂಬ ಕಾರಣಕ್ಕೇ ರೈತರು ಹಿಡಿದುಕೊಂಡರು. ಕಳೆ ಅಡಗುವುದು ನೆರಳಿನಿಂದ, ಜೊತೆಗೆ ಬೇರು ಎಲೆಗಳಿಂದ ಮಣ್ಣಿಗೆ ಸೇರುವ ಅದೇ ಡೋಪಾದಿಂದಲೂ ಇರಬಹುದು ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ.

ನಿಮ್ಮ ತೋಟಕ್ಕೆ ಹಾಕಬಹುದಾ? ಫಲ ಕೊಡುವ, ನೆರಳು ಕೂಡಿದ ಅಡಿಕೆ ತೋಟದ ಒಳಗೆ ಬೇಡ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ಬಿಸಿಲು ಬೇಕು, ನೆರಳಲ್ಲಿ ಸೊರಗಿ ಬೆಳಕು ಹುಡುಕಿಕೊಂಡು ಅಡಿಕೆ ಮರಕ್ಕೇ ಹತ್ತುತ್ತದೆ. ಎಳೆ ಸಸಿ ಇರುವಲ್ಲಿ ಇನ್ನೂ ಕಷ್ಟ, ಎರಡು ವಾರ ಮರೆತರೆ ಸಸಿ ಕಾಣುವುದಿಲ್ಲ. ದಟ್ಟವಾಗಿ ಹಬ್ಬಿದ ಕಡೆ ಹಾವು ಇದ್ದರೂ ಗೊತ್ತಾಗುವುದಿಲ್ಲ, ಅಡಿಕೆ ಹೆಕ್ಕುವವರಿಗೆ ಈ ಹೆದರಿಕೆ ಸುಮ್ನೆ ಬಂದದ್ದಲ್ಲ. ಖಾಲಿ ಬಿದ್ದ ಬಿಸಿಲು ಜಾಗ ಇದ್ದರೆ ಅಲ್ಲಿ ಹಾಕಿ. ಎಕರೆಗೆ ಸುಮಾರು 12ರಿಂದ 16 ಕಿಲೋ ಬೀಜ ಬೇಕು, ನಿಮ್ಮ ಎರಡು ಕಿಲೋ ಹನ್ನೆರಡರಿಂದ ಹದಿನಾರು ಸೆಂಟ್ಸ್‌ಗೆ ಸರಿಹೋಗುತ್ತದೆ. ಜೂನ್‌ನಲ್ಲಿ ಬಿತ್ತಿ, ಹೂ ಕಾಣಿಸಿದ ಕೂಡಲೇ ಕಡಿದು ಅಡಿಕೆ ಬುಡಕ್ಕೆ ಹಾಕಿ. ಸೊಪ್ಪಿನಲ್ಲಿ ಸಾರಜನಕ ಚೆನ್ನಾಗಿರುವುದೂ ಆ ಹೊತ್ತಿಗೇ, ಕಾಯಿ ಕಟ್ಟುವ ಪ್ರಶ್ನೆಯೂ ಬರುವುದಿಲ್ಲ.

ಬೀಜಕ್ಕಾಗಿ ಬಿಡುವುದು ಮಾತ್ರ ಬೇಡ. ಕಾಡು ಬಳ್ಳಿ ಬೇಲಿಯಲ್ಲೇ ಇದೆ, ಎರಡೂ ಒಂದೇ ಜಾತಿ, ಪರಾಗ ಬೆರೆಯುವ ಸಾಧ್ಯತೆ ಕಡಿಮೆಯಾದರೂ ಇದೆ. ಬೆರೆತರೆ ಮುಂದಿನ ತಲೆಮಾರಿನ ಕಾಯಲ್ಲಿ ಚುಚ್ಚುವ ರೋಮ ಬಂದುಬಿಡಬಹುದು. ಬೀಜ ಕೊಟ್ಟವರ ಹತ್ತಿರವೂ ಹೋದ ವರ್ಷದ ಕಾಯಿ ಸಿಪ್ಪೆ ಒಂದಾದರೂ ತೋರಿಸಿ ಎಂದು ಕೇಳಿ. ಅವರು ಅದನ್ನು ಬರಿಗೈಯಲ್ಲಿ ಎತ್ತಿ ಕೊಟ್ಟರೆ ನಂಬಬಹುದು. ಸೊಪ್ಪನ್ನು ದನಕ್ಕೆ ಬೇರೆ ಮೇವಿನ ಜೊತೆ ಸ್ವಲ್ಪ ಹಾಕಬಹುದು. ಹಸಿ ಬೀಜವನ್ನು ಕೋಳಿಗೆ, ಹಂದಿಗೆ ಹಾಕಬೇಡಿ, ಅವುಗಳ ಹೊಟ್ಟೆಗೆ ಆಗುವುದಿಲ್ಲ.

ನಿಮ್ಮ ಸುತ್ತಮುತ್ತ ರಬ್ಬರ್ ತೋಟಗಳಲ್ಲಿ ನೆಲ ಕಾಣದಂತೆ ಹಬ್ಬಿಸುವ ಮ್ಯುಕುನಾ ಇದೆಯಲ್ಲ, ಅದು ಬ್ರ್ಯಾಕ್ಟಿಯಾಟಾ ಎಂಬ ಇನ್ನೊಂದು ಜಾತಿ, ಬಹುವಾರ್ಷಿಕ. ಒಮ್ಮೆ ಅಡಿಕೆ ತೋಟಕ್ಕೆ ಹೊಕ್ಕರೆ ತೆಗೆಯುವುದು ದೊಡ್ಡ ಯುದ್ಧ. ಯಾರಾದರೂ ಅದರ ಕಡ್ಡಿ ಕೊಟ್ಟರೆ ಧನ್ಯವಾದ ಹೇಳಿ ವಾಪಸ್ ಕೊಡಿ. ತೋಟದೊಳಗೆ ಮುಚ್ಚಿಗೆ ಬೆಳೆ ಬೇಕೇಬೇಕೆಂದಿದ್ದರೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ನಿಮಗೆ ಹತ್ತಿರವೇ, ನಿಮ್ಮ ತೋಟದ ವಯಸ್ಸು, ನೆರಳು ಹೇಳಿ ಅಲ್ಲಿ ಕೇಳಿ.

ಕೊನೆಗೆ ಮಂಗ. ಬೇಲಿಯಲ್ಲಿ ನಾಯಿಸೊಣಗು ಬಿಟ್ಟರೆ ಮಂಗ ಬರುವುದಿಲ್ಲ ಅನ್ನುವುದನ್ನು ನಾನೂ ತುಂಬಾ ಕೇಳಿದ್ದೇನೆ, ಕೆಲಸ ಮಾಡಿದ ಒಂದು ಬೇಲಿಯನ್ನೂ ನೋಡಿಲ್ಲ. ಕಾಯಿ ಒಣಗಿ ರೋಮ ಹಾರುವುದು ವರ್ಷದಲ್ಲಿ ಎರಡು ಮೂರು ತಿಂಗಳು, ಮಂಗನ ಕಾಟ ವರ್ಷಪೂರ್ತಿ. ಮಂಗ ಬೇಲಿ ಹತ್ತಿಕೊಂಡೇ ಬರಬೇಕೆಂದೂ ಇಲ್ಲ, ಗೇರು ಮರದಿಂದ ಅಡಿಕೆಗೆ ಹಾರುತ್ತದೆ. ಆ ಮೂರು ತಿಂಗಳು ಬೇಲಿ ಪಕ್ಕ ದಿನಾ ಓಡಾಡುವವರು ನೀವು ಮತ್ತು ನಿಮ್ಮ ಕೆಲಸದವರು. ಅದನ್ನು ನಂಬಿ ಬಳ್ಳಿ ಉಳಿಸಿಕೊಳ್ಳಬೇಡಿ, ಜೂನ್‌ನಲ್ಲಿ ಕೀಳಲು ಶುರು ಮಾಡಿ.